ಮಾದರಿ ಕೋಣೆಯ ಕಳವು

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರಿನ ಮೊದಲ ಸಾಲನ್ನು ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಓದಿದ. ಆಮೇಲೆ ಮೇಜಿನ ಆಚೆ ಕೂತಿದ್ದ ಪೀಠೋಪಕರಣ ಅಂಗಡಿಯ ಮಾಲೀಕರ ಮುಖ ನೋಡಿದ.

"ಕೋಣೆ ಕಳುವಾಗಿದೆ ಅಂತ ಬರ್ದಿದ್ದೀರಿ."

"ಹೌದು."

"ಕೋಣೆಗೆ ಕಳ್ಳ ನುಗ್ಗಿದ್ದಾನೆ ಅಂತಾನಾ?"

"ಅಲ್ಲಪ್ಪ. ಕೋಣೆಯೇ ಹೋಗಿದೆ."

ಇನ್‌ಸ್ಪೆಕ್ಟರ್ ಆಗಷ್ಟೇ ಒಳಗೆ ಬಂದು ಟೋಪಿ ತೆಗೆದಿಟ್ಟಿದ್ದರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಆಕೆ ಎಮ್ಮೆ, ಮೋಟಾರು, ಒಮ್ಮೆ ಒಂದು ಬಾವಿಯ ಪಂಪು ಕಳುವಾದದ್ದನ್ನು ಕಂಡಿದ್ದರು. ಕೋಣೆ ಇದೇ ಮೊದಲು. ಟೋಪಿಯನ್ನು ಮತ್ತೆ ಕೈಗೆತ್ತಿಕೊಂಡರು.

ಮಾಲೀಕರು ವಿವರಿಸಿದರು. ಅಂಗಡಿಯ ಮುಂಭಾಗದಲ್ಲಿ, ಗಾಜಿನ ಹಿಂದೆ, ಗಿರಾಕಿಗಳಿಗೆ ತೋರಿಸಲೆಂದು ಒಂದು ಮಾದರಿ ಕೋಣೆ ಜೋಡಿಸಿಟ್ಟಿದ್ದರು. ದೊಡ್ಡ ಮಂಚ, ಮಕ್ಕಳ ಮಂಚ, ಓದುವ ಮೇಜು, ಬೀರು, ದೀಪ, ಹಳದಿ ಹಕ್ಕಿಗಳಿರುವ ಪರದೆ. ಗೋಡೆಗೆ ಒಂದು ಸುಳ್ಳು ಕಿಟಕಿ, ಅದರಾಚೆ ಕೆರೆಯ ಚಿತ್ರ. ಸೋಮವಾರ ವಾರದ ರಜೆ. ಇವತ್ತು ಬಾಗಿಲು ತೆಗೆದರೆ ಗಾಜಿನ ಹಿಂದೆ ಬರೀ ನೆಲ.

"ಕೆರೆಯನ್ನೂ ಬಿಟ್ಟಿಲ್ಲ ಮೇಡಂ," ಎಂದರು ಮಾಲೀಕರು.

ಎಫ್‌ಐಆರ್ ದಾಖಲಾಯಿತು. ಹತ್ತೂಕಾಲಿಗೆ ಇನ್‌ಸ್ಪೆಕ್ಟರ್ ಸ್ಥಳದಲ್ಲಿದ್ದರು. ಪಕ್ಕದ ಚಪ್ಪಲಿ ಅಂಗಡಿಯವನನ್ನೂ ಎದುರಿನ ಔಷಧಿ ಅಂಗಡಿಯವಳನ್ನೂ ಪಂಚರೆಂದು ಕರೆದು ಪಂಚನಾಮೆ ಶುರುಮಾಡಿದರು. ಹೆಡ್ ಕಾನ್‌ಸ್ಟೇಬಲ್ ಬೀಗ ಪರೀಕ್ಷಿಸಿದ. ಒಡೆದಿರಲಿಲ್ಲ, ಗೀರೂ ಇರಲಿಲ್ಲ. ಮಂಚಗಳಿದ್ದ ಜಾಗದಲ್ಲಿ ಬಗ್ಗಿ ಕೂತು ನೆಲಕ್ಕೆ ಬೆರಳು ಒರೆಸಿ ನೋಡಿದ.

"ಮೇಡಂ, ಧೂಳೇ ಇಲ್ಲ. ನಮ್ಮ ಮನೇಲೂ ಇಷ್ಟು ಚೊಕ್ಕಟ ಇರಲ್ಲ."

ಇನ್‌ಸ್ಪೆಕ್ಟರೂ ಬಗ್ಗಿದರು. ನಿಜ. ಸುತ್ತಮುತ್ತ ಮೂಲೆಗಳಲ್ಲಿ ಒಂದು ದಿನದ ಧೂಳು ಕೂತಿತ್ತು. ಕಳುವಾದ ಜಾಗವನ್ನು ಮಾತ್ರ ಯಾರೋ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಬಟ್ಟೆ ಎಳೆದ ಗೆರೆಗಳು ಒಣಗಿ ಕಾಣುತ್ತಿದ್ದವು.

"ನಿಮ್ಮಲ್ಲಿ ಗುಡಿಸೋರು ಯಾರು?"

"ಅವಳು ಹತ್ತೂವರೆಗೆ ಬರ್ತಾಳೆ. ಇನ್ನೂ ಬಂದಿಲ್ಲ."

"ಹಾಗಾದ್ರೆ ಕಳ್ಳನೇ ಗುಡಿಸಿದ್ದಾನೆ. ಕದ್ದ ಮೇಲೆ ಕಸ ಗುಡಿಸಿ ಹೋಗೋ ಅಭ್ಯಾಸ ಯಾರಿಗಿರುತ್ತೆ?"

ಮಾಲೀಕರಿಗೆ ಉತ್ತರ ಗೊತ್ತಿತ್ತು. ಅದು ಅವರ ತಂದೆ ಹಾಕಿದ ನಿಯಮ. ಗಿರಾಕಿಯ ಮನೆಯಲ್ಲಿ ಸಾಮಾನು ಬಿಚ್ಚಲಿ, ಜೋಡಿಸಲಿ, ಹೊರಡುವ ಮುಂಚೆ ಆ ಜಾಗ ಗುಡಿಸಿ ಒರೆಸಬೇಕು. ಮೂವತ್ತು ವರ್ಷದಿಂದ ಅಂಗಡಿಯ ಫಿಟ್ಟರುಗಳು ಹಾಗೇ ಮಾಡುತ್ತ ಬಂದಿದ್ದರು. ಬೇರೆ ಯಾವ ಅಂಗಡಿಯವರೂ ಮಾಡುತ್ತಿರಲಿಲ್ಲ.

"ಆದ್ರೆ ನನ್ನ ಕೆಲಸಗಾರರು ಕದಿಯೋರಲ್ಲ ಮೇಡಂ. ಎಲ್ಲರೂ ಹೊರದೇಶದಿಂದ ಬಂದೋರು, ನನ್ನ ಕಂಡ್ರೆ ಪ್ರಾಣ. ಹೋದ ತಿಂಗಳು ಒಬ್ಬ ಹೆಂಡ್ತಿ ಮಕ್ಕಳನ್ನೆಲ್ಲ ಕರ್ಕೊಂಡು ಬಂದು ಕೈ ಮುಗಿದು ನಿಂತ. ಕಣ್ಣಲ್ಲಿ ನೀರು."

"ಯಾಕೆ?"

"ಕೇಳಲಿಲ್ಲ. ನನ್ನ ಸ್ವಭಾವಕ್ಕೆ ಇರಬಹುದು."

ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಮಾಲೀಕರ ತಾಯಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಎಂಬತ್ತರ ಹತ್ತಿರದ ಮುದುಕಿ. ಅಂಗಡಿಯವರೆಲ್ಲ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು.

"ಹೋದ್ರೆ ಹೋಯ್ತು ಬಿಡೋ," ಎಂದರು ಕೆಮ್ಮು ನಿಂತ ಮೇಲೆ. "ಸಂಜೆ ಹೊತ್ತಿಗೆ ಬರುತ್ತೆ."

"ಕೋಣೆ ತಾನಾಗಿ ನಡ್ಕೊಂಡು ಬರುತ್ತಾ ಅಮ್ಮ? ಸುಮ್ನಿರು ಸ್ವಲ್ಪ."

ಸಾಮಾನು ಸಾಗಿಸಿ ಜೋಡಿಸುವ ಇಬ್ಬರು ಕೆಲಸಗಾರರಲ್ಲಿ ವ್ಯಾನಿನ ಡ್ರೈವರ್ ಬಂದಿದ್ದ. ಫಿಟ್ಟರ್ ರಜೆ ಹಾಕಿದ್ದ. ಇನ್‌ಸ್ಪೆಕ್ಟರ್ ಡ್ರೈವರನ್ನು ಹೊರಗೆ ವ್ಯಾನಿನ ಹತ್ತಿರ ಕರೆದೊಯ್ದರು. ವ್ಯಾನಿನೊಳಗೆ ಮಡಿಸಿದ ಕಂಬಳಿಗಳು, ಮೂಲೆಯಲ್ಲಿ ಒಂದು ಪೊರಕೆ.

"ನಿನ್ನೆ ಎಲ್ಲಿಗೆ ಹೋಗಿದ್ದೆ?"

ಡ್ರೈವರ್ ಅಂಗಡಿಯ ಕಡೆ ನೋಡಿದ, ಆಮೇಲೆ ಆಕೆಯನ್ನು ನೋಡಿದ. ಹೆದರಿದವನ ಹಾಗೆ ಕಾಣಲಿಲ್ಲ. ಮುಖದಲ್ಲಿ ಒಂದು ಒಳನಗು ಇತ್ತು.

"ಸಾಹೇಬ್ರು ನಿಮ್ಮ ಹತ್ರಾನೂ ಬಿಟ್ಟುಕೊಡಲಿಲ್ವಾ ಮೇಡಂ?"

"ಏನನ್ನ?"

"ಕೋಣೆ ಅವ್ರೇ ಕೊಡೋದು. ಹೊರಗೆ ಮಾತ್ರ ಹೇಳ್ಕೊಳ್ಳಲ್ಲ. ಬೆಳಿಗ್ಗೆ ಬಂದು ಹಾಗೆ ಕೂಗಾಡಿದ್ರಲ್ಲ, ಅಬ್ಬಾ, ನಾಟಕದವ್ರು ನೋಡಿ ಕಲೀಬೇಕು ಅನ್ಕೊಂಡೆ. ಪೊಲೀಸ್ ಸ್ಟೇಷನ್ನಿಗೆ ಹೊರಟಾಗ ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತು."

"ಕೊಡ್ತೀನಿ ಅಂತ ಅವರು ನಿನಗೆ ಹೇಳಿದ್ರಾ?"

"ನಂಗೆ ಫಿಟ್ಟರ್ ಹೇಳ್ತಾನೆ."

"ಕೋಣೆ ಈಗ ಎಲ್ಲಿದೆ?"

"ಅವನ ಮನೇಲೇ. ನಿನ್ನೆ ಸಂಜೆನೇ ವಾಪಸ್ ತರ್ಬೇಕಿತ್ತು. ಮನೆ ನೋಡೋ ಆಫೀಸರು ನಿನ್ನೆ ಬರಲಿಲ್ಲ, ಇವತ್ತು ಹನ್ನೊಂದಕ್ಕೆ ಬರ್ತೀನಿ ಅಂದ್ರಂತೆ."

ಉಳಿದದ್ದನ್ನು ಜೀಪಿನಲ್ಲಿ ಹೇಳಿದ. ಹೊರಗಿನಿಂದ ಬಂದ ಕೆಲಸಗಾರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ವಲಸೆ ಕಚೇರಿಯವರು ಮೊದಲು ಮನೆ ನೋಡುತ್ತಾರೆ. ಗಂಡಹೆಂಡಿರಿಗೆ ಮಂಚ, ಮಗುವಿಗೆ ಬೇರೆ ಮಂಚ, ಓದಲು ಮೇಜು, ಬಟ್ಟೆಗೆ ಬೀರು, ತೆರೆಯುವ ಕಿಟಕಿ. ಇವಿಲ್ಲದಿದ್ದರೆ ಅರ್ಜಿ ವಾಪಸ್. ಮತ್ತೆ ಸರದಿ ಬರಲು ಎರಡು ವರ್ಷವೂ ಆಗುತ್ತದೆ. ಆದರೆ ಒಂಟಿಯಾಗಿ ದುಡಿಯುವವನು ಕೈಗೆ ಬಂದದ್ದನ್ನು ಊರಿಗೆ ಕಳಿಸುತ್ತಾನೆಯೇ ಹೊರತು ಖಾಲಿ ಮನೆಗೆ ಮಕ್ಕಳ ಮಂಚ ತಂದಿಟ್ಟು ನೋಡುತ್ತ ಕೂರುವುದಿಲ್ಲ.

"ಫಿಟ್ಟರಿಗೆ ಒಬ್ಳೇ ಮಗಳು ಮೇಡಂ. ಈ ತಿಂಗಳ ಕೊನೆಗೆ ಹದಿನಾರು ತುಂಬುತ್ತೆ. ತುಂಬಿದ್ರೆ ಅವಳು ಮಗು ಅಲ್ಲ, ಕರೆಸೋ ಹಾಗಿಲ್ಲ. ಹೆಂಡ್ತಿ ಬರಬಹುದು, ಮಗಳು ಅಲ್ಲೇ. ಇವತ್ತು ತಪ್ಪಿದ್ರೆ ತಪ್ಪಿದ ಹಾಗೇ."

ಹೆಡ್ ಕಾನ್‌ಸ್ಟೇಬಲ್ ಜೀಪಿನ ವೇಗ ಹೆಚ್ಚಿಸಿದ. ಅವನಿಗೂ ಇಬ್ಬರು ಹೆಣ್ಣುಮಕ್ಕಳು.

ಫಿಟ್ಟರನ ಮನೆಯಿದ್ದ ಕಟ್ಟಡದ ಕೆಳಗೆ ಒಬ್ಬ ದರ್ಜಿಯ ಅಂಗಡಿ. ನಿನ್ನೆ ಬಂದ ಸಾಮಾನಿನ ಬಗ್ಗೆ ವಿಚಾರಿಸಲು ಒಳಗೆ ಹೋದ ಹೆಡ್ ಕಾನ್‌ಸ್ಟೇಬಲ್ ತಕ್ಷಣ ಹೊರಗೆ ಬರಲಿಲ್ಲ. ಗೋಡೆಯ ಮೇಲೆ ದರ್ಜಿ, ಅವನ ಹೆಂಡತಿ, ಎರಡು ಮಕ್ಕಳ ಫೋಟೋ ಇತ್ತು. ಅವರ ಹಿಂದೆ ಹಳದಿ ಹಕ್ಕಿಗಳ ಪರದೆ.

"ಎಲ್ಲಿ ತೆಗೆಸಿದ್ದು ಇದು?"

"ಇವರೆಲ್ಲ ಊರಿಂದ ಬಂದ ವರ್ಷ ಸಾರ್. ನಮ್ಮನೇಲೇ," ಎಂದ ದರ್ಜಿ.

"ಆ ಪರದೆ ಈಗೆಲ್ಲಿ?"

ದರ್ಜಿ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದ. ಮೊದಲ ಮಹಡಿಯ ತೆರೆದ ಬಾಗಿಲೊಂದರಲ್ಲಿ ಇನ್ನೊಂದು ಕುಟುಂಬದ ಫೋಟೋ ಕಂಡಿತು. ಅದರಲ್ಲಿ ಹಕ್ಕಿಗಳ ಜೊತೆ ಕೆರೆಯೂ ಇತ್ತು.

"ಮೇಡಂ, ಈ ಕೋಣೆ ನನಗಿಂತ ಜಾಸ್ತಿ ಊರು ಸುತ್ತಿದೆ," ಎಂದ ಹೆಡ್ ಕಾನ್‌ಸ್ಟೇಬಲ್.

ಫಿಟ್ಟರನ ಮನೆ ಎರಡನೇ ಮಹಡಿ. ಅವರು ಮುಟ್ಟಿದಾಗ ಹನ್ನೊಂದು ದಾಟಿತ್ತು. ಪರಿಶೀಲನಾಧಿಕಾರಿ ಆಗಲೇ ಒಳಗಿದ್ದರು. ಸಣಕಲು ಮನುಷ್ಯ, ಕೈಯಲ್ಲಿ ಅಳತೆಯ ಟೇಪು. ಮಕ್ಕಳ ಮಂಚದ ಮೇಲೆ ಕೂತು ಒಮ್ಮೆ ಕುಲುಕಿ ನೋಡಿ, ಎದ್ದು ಕೆರೆ ಕಾಣುವ ಕಿಟಕಿಯ ಹಿಡಿ ಎಳೆಯುತ್ತಿದ್ದರು.

"ಇದು ತೆರೆಯಲ್ಲವಲ್ಲ."

"ಅದು ಬರೀ ನೋಡೋಕೆ ಸಾರ್," ಎಂದ ಫಿಟ್ಟರ್. ಕುಳ್ಳ, ಗಟ್ಟಿ ಆಳು. ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡಿದ್ದ. "ತೆರೆಯೋದು ಆ ಗೋಡೇಲಿದೆ."

"ಹಾಗಾದ್ರೆ ಇದನ್ನ ಯಾಕೆ ಹಾಕಿದೆ?"

"ಸೆಟ್ಟಿನ ಜೊತೆ ಬಂತು ಸಾರ್, ಬಿಡೋಕೆ ಮನಸ್ಸಾಗಲಿಲ್ಲ."

ಆಗ ಅವನಿಗೆ ಬಾಗಿಲಲ್ಲಿ ಖಾಕಿ ಕಂಡಿತು. ಅಧಿಕಾರಿಯೂ ತಿರುಗಿದರು.

"ಪೊಲೀಸರು ಯಾಕೆ?"

ಇನ್‌ಸ್ಪೆಕ್ಟರಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳುವುದು ಇನ್ನೊಂದು ಕೆಲಸ ಎಂದು ಆಕೆ ಹೇಳುತ್ತಿದ್ದರು.

"ಕಳವಿನ ದೂರು ಬಂದಿದೆ. ಈ ಕೋಣೆಯಲ್ಲಿರೋ ಸಾಮಾನಿನದ್ದು."

"ಈತ ಆರೋಪಿಯಾ?"

"ಗೊತ್ತಿಲ್ಲ. ಕೇಳಬೇಕು."

ಅಲ್ಲೇ ಕೇಳಿದರು. ಫಿಟ್ಟರ್ ನಿಂತೇ ಉತ್ತರಿಸಿದ.

"ಸಾಮಾನು ಯಾರದ್ದು?"

"ಅಂಗಡಿಯದ್ದು ಮೇಡಂ. ಸಾಹೇಬ್ರು ಕೊಟ್ಟಿದ್ದು."

"ಅವರೇ ನಿನಗೆ ಹೇಳಿದ್ರಾ?"

"ದೊಡ್ಡಮ್ಮ ಹೇಳಿದ್ರು. ಕೀಲಿಕೈ ಅವ್ರೇ ಕೊಡೋದು. ಮಗ ಒಪ್ಪಿದ್ದಾನೆ, ಆದ್ರೆ ಅವನ ಮುಂದೆ ಮಾತ್ರ ಎತ್ತಬೇಡಿ, ಅವನಿಗೆ ಹೊಗಳಿಕೆ ಅಂದ್ರೆ ನಾಚಿಕೆ ಅಂತಾರೆ. ನಾವೂ ಎತ್ತಲ್ಲ. ಕೈ ಮುಗಿದು ಸುಮ್ನಾಗ್ತೀವಿ."

ಹೆಡ್ ಕಾನ್‌ಸ್ಟೇಬಲ್ ಗೋಡೆಯ ಕಡೆ ತಿರುಗಿ ಕೆರೆ ನೋಡತೊಡಗಿದ. ಅವನ ಭುಜ ಕುಣಿಯುತ್ತಿತ್ತು.

ಪರಿಶೀಲನಾಧಿಕಾರಿ ಟೇಪು ಸುತ್ತಿ ಜೇಬಿಗೆ ಹಾಕಿದರು.

"ಈ ಪರದೆ ನಾನು ಎಲ್ಲೋ ನೋಡಿದ್ದೆ. ಎಲ್ಲೋ ಅಂದ್ರೆ, ಆರೇಳು ಕಡೆ. ಜನಕ್ಕೆ ಹಕ್ಕಿ ಅಂದ್ರೆ ಇಷ್ಟ ಅನ್ಕೊಂಡಿದ್ದೆ." ಅವರ ದನಿಯಲ್ಲಿ ಕೋಪವಿರಲಿಲ್ಲ. "ನೋಡಿ ಮೇಡಂ, ನಾನು ಮಂಚ ಇದೆಯಾ ಅಂತ ನೋಡೋನು, ಮಂಚದ ಜಾತಕ ಕೇಳೋನಲ್ಲ. ಸಾಮಾನು ಯಾರದ್ದು ಅಂತ ನಿಯಮದಲ್ಲಿಲ್ಲ. ಆದ್ರೆ ಎರಡು ಮಾತಿದೆ. ಈತನ ಮೇಲೆ ಕೇಸಿದ್ರೆ ಅರ್ಜಿ ವಜಾ. ಇವತ್ತು ನೋಡಿದ ಸಾಮಾನು ನಾಳೆ ಇರಲ್ಲ ಅಂತ ಗೊತ್ತಾದ ಮೇಲೂ ನಾನು ಸಹಿ ಹಾಕೋ ಹಾಗಿಲ್ಲ. ಸಂಜೆ ಐದಕ್ಕೆ ನನ್ನ ಕಡತ ಮೇಲಕ್ಕೆ ಹೋಗುತ್ತೆ. ಅಷ್ಟರೊಳಗೆ ನಿಮ್ಮ ಕಾಗದ ಬರ್ಲಿ."

ಅವರು ಹೋದ ಮೇಲೆ ಫಿಟ್ಟರ್ ಮಕ್ಕಳ ಮಂಚದ ಅಂಚು ಹಿಡಿದು ನಿಂತ. ಬಾಗಿಲ ಹಿಂದೆ ಉಜ್ಜಿ ನಯ ಮಾಡಿದ ಹಲಗೆಗಳು ಒರಗಿದ್ದವು, ಅವನೇ ಮಾಡತೊಡಗಿದ್ದ ಮಂಚ. ಊರಿನವರಿಗೆಲ್ಲ ಮಂಚ ಕೂಡಿಸಿ ಬಂದು ತನ್ನದಕ್ಕೆ ಕೈ ಹಾಕುವ ಹೊತ್ತಿಗೆ ಬೆಳಕು ಇರುತ್ತಿರಲಿಲ್ಲ.

"ಸಾಹೇಬ್ರಿಗೆ ಗೊತ್ತೇ ಇರಲಿಲ್ವಾ ಮೇಡಂ?" ಎಂದು ಕೇಳಿದ. ಅವನಿಗೆ ಹೆಚ್ಚು ನೋವಾದದ್ದು ಅದೇ ಎಂದು ಇನ್‌ಸ್ಪೆಕ್ಟರಿಗೆ ಕಂಡಿತು.

ಮಧ್ಯಾಹ್ನ ಎರಡು ಗಂಟೆಗೆ ದೊಡ್ಡಮ್ಮನನ್ನು ಕರೆತರಲು ಜೀಪು ಕಳಿಸುವ ಅಗತ್ಯ ಬೀಳಲಿಲ್ಲ. ಡ್ರೈವರನ ಬಾಯಿಂದ ವಿಷಯ ತಿಳಿದು ಆಕೆಯೇ ವ್ಯಾನಿನಲ್ಲಿ ಬಂದು ಇಳಿದಿದ್ದರು. ಹಿಂದೆಯೇ ಮಗ, ಕೆಂಪಾದ ಮುಖದಲ್ಲಿ. ದೊಡ್ಡಮ್ಮ ಠಾಣೆಯ ಬೆಂಚಿನ ಮೇಲೆ ಕೂತು, ಎದ್ದು, ಬಗ್ಗಿ ಅದರ ಕಾಲು ನೋಡಿದರು.

"ಇದನ್ನ ಯಾರಪ್ಪ ಮಾಡಿದ್ದು? ಆರೋಪಿಗಳು ಓಡಿಹೋಗೋದು ಸುಮ್ನೆ ಅಲ್ಲ."

"ಅಜ್ಜಿ, ಈ ಕುರ್ಚಿಗೆ ಬನ್ನಿ," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಂಡರು.

"ಕೀಲಿಕೈ ಕೊಟ್ಟಿದ್ದು ಯಾರು?"

"ನಾನು."

"ಮಗನ ಒಪ್ಪಿಗೆ ಇತ್ತಾ?"

"ಇಲ್ಲ."

"ಇದೆ ಅಂತ ಅವರಿಗೆ ಹೇಳಿದ್ರಾ?"

"ಹೇಳಿದೆ. ಇಲ್ಲ ಅಂದ್ರೆ ಅವರು ಮುಟ್ತಿರಲಿಲ್ಲ. ನೀಯತ್ತಿನ ಜನ."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲಮ್ಮ. ಬಂದ ಮಕ್ಕಳ ಮುಖ ಎಲ್ಲ ನೆನಪಿದೆ, ಬೇಕಾದ್ರೆ ಅದನ್ನ ಬರ್ಕೋ."

"ಹಾಗಾದ್ರೆ ಫಿಟ್ಟರಿಗೂ ಡ್ರೈವರಿಗೂ ಕದಿಯೋ ಉದ್ದೇಶ ಇರಲಿಲ್ಲ."

"ಅದನ್ನ ದೊಡ್ಡ ಅಕ್ಷರದಲ್ಲಿ ಬರಿ. ಕಳ್ಳಿ ನಾನೊಬ್ಳೇ."

ಮಾಲೀಕರು ಎದ್ದು ನಿಂತರು. "ಮೇಡಂ, ನನ್ನ ದೂರು ವಾಪಸ್ ಕೊಡಿ. ಹರಿದು ಹಾಕ್ತೀನಿ."

"ಬಾಯಿಂದ ಬಿದ್ದ ಮಾತು ಸಾರ್. ಎಫ್‌ಐಆರ್ ಆಗಿದೆ. ಇನ್ನು ಅದನ್ನ ಹರಿಯೋಕೆ ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ. ಕೋರ್ಟು ನೋಡ್ಕೊಳ್ಳುತ್ತೆ."

"ನಮ್ಮಮ್ಮನ್ನ ಬಂಧಿಸ್ತೀರಾ?"

"ಅವನು ಬಿಡು ಅಂದ್ರೂ ನೀನು ಬಿಡಬೇಡ," ಎಂದರು ದೊಡ್ಡಮ್ಮ ಇನ್‌ಸ್ಪೆಕ್ಟರಿಗೆ. "ಕಳ್ಳ ಯಾರೂ ಇಲ್ಲ ಅಂದ್ರೆ ಆ ಹುಡುಗನ ಮೇಲೇ ಎಲ್ಲರ ಕಣ್ಣು ಇರುತ್ತೆ. ಬರಿ, ಬೇಗ ಬರಿ. ಐದು ಗಂಟೆ ಆಗುತ್ತೆ."

ಮೂರು ಇಪ್ಪತ್ತಕ್ಕೆ ದೊಡ್ಡಮ್ಮನನ್ನು ಬಂಧಿಸಲಾಯಿತು. ಬಂಧನದ ಕಾಗದಕ್ಕೆ ಆಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಹಾಕಿದರು. ಜಾಮೀನಿಗೆ ಒಬ್ಬರು ಬೇಕಿತ್ತು. ಮಗ ಮುಂದೆ ಬಂದರು. ದೂರುದಾರನೇ ಆರೋಪಿಗೆ ಜಾಮೀನು ನಿಲ್ಲಬಹುದೇ ಎಂದು ಹೆಡ್ ಕಾನ್‌ಸ್ಟೇಬಲ್ ನಿಯಮದ ಪುಸ್ತಕ ತಿರುವಿ ನೋಡಿದ. ನಿಲ್ಲಬಾರದು ಎಂದು ಎಲ್ಲೂ ಇರಲಿಲ್ಲ. ಅಂಥದ್ದು ನಡೆದೀತೆಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಇನ್ನು ಉಳಿದದ್ದು ಕಳವಿನ ಸಾಮಾನು, ಠಾಣೆಯ ಭಾಷೆಯಲ್ಲಿ ಮುದ್ದೇಮಾಲು. ಜಪ್ತಿಯಾದ ಮೇಲೆ ಅದನ್ನು ಕೋರ್ಟು ಹೇಳುವವರೆಗೆ ಮಾಲೀಕರಿಗೂ ಕೊಡುವಂತಿಲ್ಲ. ಠಾಣೆಯಲ್ಲೇ ಭದ್ರವಾಗಿಡಬೇಕು. ಇನ್‌ಸ್ಪೆಕ್ಟರ್ ಮುದ್ದೇಮಾಲಿನ ಕೊಠಡಿಯ ಬಾಗಿಲು ತೆಗೆಸಿದರು. ಒಳಗೆ ಸೈಕಲ್ಲುಗಳು, ಒಂದು ಹಿಟ್ಟಿನ ಗಿರಣಿ, ಎರಡು ಲೌಡ್‌ಸ್ಪೀಕರು. ಬಾಗಿಲು ಪೂರ್ತಿ ತೆರೆಯಲೂ ಆಗಲಿಲ್ಲ.

"ದೊಡ್ಡ ಮಂಚ ಹಿಡಿಯುತ್ತಾ?"

"ಮಂಚದ ಕಾಲೂ ಹಿಡಿಯಲ್ಲ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್, ಅಗತ್ಯಕ್ಕಿಂತ ಬೇಗ.

"ಜಾಗ ಇಲ್ಲದಿದ್ರೆ?"

"ಸಿಕ್ಕಿದ ಸ್ಥಳದಲ್ಲೇ ಇಟ್ಟು, ಅಲ್ಲಿರೋರಿಂದ ಮುಚ್ಚಳಿಕೆ ಬರೆಸ್ಕೋಬಹುದು."

ಇನ್‌ಸ್ಪೆಕ್ಟರ್ ಕೂತು ಬರೆದರು. ಸದರಿ ಫಿಟ್ಟರ್ ಈ ಪ್ರಕರಣದಲ್ಲಿ ಸಾಕ್ಷಿ, ಆರೋಪಿಯಲ್ಲ. ಜಪ್ತಿಯಾದ ಎರಡು ಮಂಚ, ಮೇಜು, ಬೀರು, ದೀಪ, ಪರದೆ ಹಾಗೂ ತೆರೆಯದ ಕಿಟಕಿ ಒಂದು, ನ್ಯಾಯಾಲಯದ ಆದೇಶವಾಗುವವರೆಗೆ ಅದೇ ಮನೆಯಲ್ಲಿ ಇರತಕ್ಕದ್ದು. ಅಲ್ಲಿಂದ ಕದಲಿಸತಕ್ಕದ್ದಲ್ಲ. ಉಪಯೋಗದಲ್ಲಿಟ್ಟು ಸುಸ್ಥಿತಿಯಲ್ಲಿ ಕಾಪಾಡತಕ್ಕದ್ದು.

ಹೆಡ್ ಕಾನ್‌ಸ್ಟೇಬಲ್ ಆ ಕಾಗದವನ್ನು ತಾನೇ ಒಯ್ದು, ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ವಲಸೆ ಕಚೇರಿ ಮುಟ್ಟಿದ. ಪರಿಶೀಲನಾಧಿಕಾರಿ ಓದಿ ಮುಗಿಸಿ ಕನ್ನಡಕ ಮೇಲಕ್ಕೆ ಸರಿಸಿದರು.

"ಕೇಸು ಮುಗಿಯೋಕೆ ಎಷ್ಟು ವರ್ಷ ಆಗುತ್ತೆ?"

"ನಾನು ರಿಟೈರ್ ಆಗೋ ಹೊತ್ತಿಗೆ ಶುರುವಾದ್ರೆ ಪುಣ್ಯ ಸಾರ್."

"ಮಂಚ ಇರಬೇಕು ಅಂತ ನಮ್ಮ ನಿಯಮ. ಇದು ಅದಕ್ಕಿಂತ ಗಟ್ಟಿ. ಪೊಲೀಸ್ ಕಾವಲಿನಲ್ಲಿ ಮಂಚ ಇರೋ ಮನೆ ಊರಲ್ಲಿ ಇದೊಂದೇ," ಎಂದು ಸಹಿ ಹಾಕಿದರು.

ಅಷ್ಟರಲ್ಲಿ ಠಾಣೆಯಲ್ಲಿ ಚಹಾ ಬಂದಿತ್ತು. ಮಾಲೀಕರು ಕುಡಿಯಲಿಲ್ಲ. ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕೂತರು.

"ನನ್ನ ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ ಅಮ್ಮ?"

"ಇಲ್ಲ. ಗಾಜಿನ ಹಿಂದೆ ಇರೋದನ್ನ ಮುಟ್ಟಬೇಡಿ ಅಂತ ಬೋರ್ಡು ಹಾಕಿದೋನು ನೀನು."

ಮಗ ಚಹಾದ ಲೋಟ ಪಕ್ಕಕ್ಕೆ ಸರಿಸಿದರು.

"ನಿಮ್ಮಪ್ಪ ಮೊದಲು ಒಬ್ರೇ ಬಂದ್ರು," ಎಂದರು ದೊಡ್ಡಮ್ಮ, ಇನ್‌ಸ್ಪೆಕ್ಟರಿಗೋ ಮಗನಿಗೋ ತಿಳಿಯದಂತೆ. "ಬಡಗಿ. ಹಗಲೆಲ್ಲ ಕಂಡೋರಿಗೆ ಮಂಚ ಮಾಡೋದು, ಬಂದು ತಾವು ಚಾಪೆ ಮೇಲೆ ಮಲಗೋದು. ಮನೆ ನೋಡೋಕೆ ಬಂದೋರು ಮಂಚ ಇಲ್ಲ ಅಂತ ವಾಪಸ್ ಹೋದ್ರು. ಒಂದ್ಸಲ ಅಲ್ಲ, ಮೂರು ಸಲ. ಮಂಚ ಮುಗಿಯೋದು, ಯಾರೋ ಗಿರಾಕಿ ಅರ್ಜೆಂಟು ಅಂತ ಒಯ್ಯೋದು. ನಾನು ಇವನನ್ನ ಕರ್ಕೊಂಡು ಇಲ್ಲಿಗೆ ಬರೋ ಹೊತ್ತಿಗೆ ಇವನಿಗೆ ಹತ್ತು ವರ್ಷ. ಅವರು ಎತ್ತಿಕೊಳ್ಳೋಕೆ ಬಂದ್ರು. ಇವನು ನನ್ನ ಹಿಂದೆ ಅಡಗಿ, ಯಾರಮ್ಮ ಈ ಮಾಮ ಅಂದ. ಒಂದು ವರ್ಷ ಮಾಮ ಅಂತಲೇ ಕರೆದ. ಅವರು ಓಗೊಡ್ತಿದ್ರು, ಪಾಪ."

ಬಂಧಿತೆಯ ಹೇಳಿಕೆಯಲ್ಲಿ ಕಾರಣ ಬರೆಯಬೇಕಾದ ಜಾಗವನ್ನು ಇನ್‌ಸ್ಪೆಕ್ಟರ್ ಖಾಲಿ ಬಿಟ್ಟಿದ್ದರು. ಈಗ ಅಲ್ಲಿ ಅದನ್ನೇ ಬರೆದರು, ಆಕೆಯ ಮಾತಿನಲ್ಲೇ.

ಮಾಲೀಕರು ತಣ್ಣಗಾದ ಚಹಾ ಎತ್ತಿಕೊಂಡರು. ಒಂದು ಗುಟುಕು ಕುಡಿದು, "ಅಂಗಡಿ ಗಾಜಿನ ಹಿಂದೆ ಖಾಲಿ ಇದೆ. ಇನ್ನೊಂದು ಕೋಣೆ ಜೋಡಿಸ್ಬೇಕು," ಎಂದರು.

"ಬೀಗ ಹೊಸದು ಹಾಕಿಸ್ತೀಯೇನೋ?"

"ಹಾಕಿಸ್ತೀನಿ. ಕೀಲಿಕೈ ನಿನ್ನ ಹತ್ರ ಇರ್ಲಿ."

ಜಾಮೀನಿನ ಷರತ್ತಿನಂತೆ ದೊಡ್ಡಮ್ಮ ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕಿತ್ತು. ಮೂರನೇ ವಾರ ಬಂದವರು ಕೂರಲೇ ಇಲ್ಲ. ಸಹಿ ಹಾಕಿ, ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹೋಗಬೇಕು, ಊರ ಹೊರಗಿರುವುದರಿಂದ ಅನುಮತಿ ಬೇಕಾಗುತ್ತದೆಯೇ ಎಂದು ಕೇಳಿದರು. ಬೇಕಾಗುತ್ತದೆ, ಜೊತೆಗೆ ಪೊಲೀಸರೂ ಬರಬೇಕಾಗುತ್ತದೆ ಎಂದ ಹೆಡ್ ಕಾನ್‌ಸ್ಟೇಬಲ್, ಜೀಪಿನ ಕೀಲಿಕೈ ತೆಗೆದುಕೊಳ್ಳುತ್ತ. ಹಾಗೆಂದು ಯಾವ ನಿಯಮವೂ ಇಲ್ಲವೆಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಅವರೂ ಟೋಪಿ ಹಾಕಿಕೊಂಡು ಹೊರಟರು.

ವಿಮಾನ ನಿಲ್ದಾಣದ ಗಾಜಿನ ಬಾಗಿಲಿನಿಂದ ಜನ ಬರುತ್ತಲೇ ಇದ್ದರು. ಫಿಟ್ಟರ್ ಅಡ್ಡಕಂಬಿಗೆ ಎದೆಯೂರಿ ನಿಂತಿದ್ದ. ಕಡೆಗೆ ಅವನ ಹೆಂಡತಿ ಕಂಡಳು, ಪಕ್ಕದಲ್ಲಿ ಅವಳಿಗಿಂತ ಒಂದು ಗೇಣು ಎತ್ತರದ ಹುಡುಗಿ, ಹೆಗಲಲ್ಲಿ ಚೀಲ. ಹುಡುಗಿ ಸಾಲಾಗಿ ನಿಂತವರನ್ನೆಲ್ಲ ಒಮ್ಮೆ ನೋಡಿದಳು. ದೊಡ್ಡಮ್ಮ ಉಸಿರು ಬಿಗಿಹಿಡಿದರು. ಹುಡುಗಿ ನೇರ ಬಂದು ಫಿಟ್ಟರನ ಎದುರು ನಿಂತಳು. ಅವನ ತಲೆ ಅವಳ ಹುಬ್ಬಿನ ಮಟ್ಟಕ್ಕಿತ್ತು.

"ಅಪ್ಪ, ನೀನು ಇಷ್ಟೇ ಎತ್ತರಾನಾ? ಫೋನಲ್ಲಿ ಭಾರಿ ಎತ್ತರ ಕಾಣ್ತಿದ್ದೆ."

"ಮೇಜಿರಲಿಲ್ಲ ಕಣಮ್ಮ," ಎಂದ ಫಿಟ್ಟರ್, ನಗುವುದಕ್ಕೂ ಅಳುವುದಕ್ಕೂ ಪುರುಸೊತ್ತಿಲ್ಲದೆ. "ಫೋನನ್ನ ನೆಲದ ಮೇಲೆ ಇಡ್ತಿದ್ದೆ. ಕೆಳಗಿಂದ ನೋಡಿದ್ರೆ ಯಾರಾದ್ರೂ ಎತ್ತರಾನೇ."

ಅವನ ಹೆಂಡತಿ ನಗತೊಡಗಿದಳು. ಹೆಡ್ ಕಾನ್‌ಸ್ಟೇಬಲ್ ಅವರ ಚೀಲಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜೀಪಿನ ಕಡೆ ಮುಂದೆ ಮುಂದೆ ನಡೆದ.